ಶಿರಹಟ್ಟಿಯಲ್ಲಿ ಮರೆವು ಬಿಡಿಸುವ ಸಮೀವುಲ್ಲಾ

ಶಿರಹಟ್ಟಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಬೆಳಗಿನ ನಮಾಜು ಮುಗಿಸಿ ಬಂದ ಸಮೀವುಲ್ಲಾ ಅದರೆದುರಿನ ತಮ್ಮ ರಿಪೇರಿ ಅಂಗಡಿಯ ಕದ ತೆಗೆದು, ಹೊಸ್ತಿಲಿಗೆ ನೀರು ಚಿಮುಕಿಸಿ, ಕನ್ನಡಕ ಒರೆಸಿಕೊಳ್ಳುತ್ತಾರೆ. ಮಠದ ಕಡೆಯಿಂದ ಗಂಟೆಯ ಸದ್ದು ತೇಲಿ ಬರುತ್ತದೆ. ಬಾಳೆಹೊಸೂರಿನ ಮೊದಲ ಬಸ್ಸು ಬಂದು ನಿಂತಾಗ ಅದರಿಂದ ಗಂಡ ಹೆಂಡತಿ ಇಳಿಯುತ್ತಾರೆ. ಹೆಂಡತಿಯ ತೆಕ್ಕೆಯಲ್ಲಿ ಹಳೆಯ ಸೀರೆ ಸುತ್ತಿದ ಭಾರದ ಗಂಟು. ದೂರದಿಂದ ಕಂಡವರು ಕೂಸು ಎಂದುಕೊಳ್ಳಬೇಕು. ಒಳಗಿರುವುದು ಕಂಪ್ಯೂಟರಿನ ಡಬ್ಬಿ.

"ನಾ ಹಿಡೀತೀನಿ ಅಂದ್ರ ಕೊಡವಲ್ಲಳ್ರಿ ಸಾಹೇಬ್ರ," ಎನ್ನುತ್ತಾನೆ ಗಂಡ ಅಂಬರೀಶ.

"ನಿಮ್ಮ ಕೈಗೆ ಕೊಟ್ಟ ವಸ್ತು ಯಾವುದು ನೆಟ್ಟಗ ಉಳದೈತಿ?" ಹೆಂಡತಿ ದುರ್ಗಾ ಕೇಳುತ್ತಾಳೆ.

"ಕುಂಡ್ರಿ, ಕುಂಡ್ರಿ. ಮೊದಲ ಚಾ, ಆಮ್ಯಾಲ ಜಗಳ," ಎಂದು ಸಮೀವುಲ್ಲಾ ಸ್ಟೂಲು ಸರಿಸುತ್ತಾರೆ.

ಸಮೀವುಲ್ಲಾ ಕೆಟ್ಟ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಾರೆ. ಅವರಲ್ಲಿಗೆ ಹೆಚ್ಚಾಗಿ ಬರುವುದು ಮಾತ್ರ ಮರೆವಿನ ಕಾಯಿಲೆ. ನಿನ್ನೆಯವರೆಗೆ ಗುರುತು ಹಿಡಿಯುತ್ತಿದ್ದ ಬ್ರೌಸರ್ ಇವತ್ತು ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಗಳು, ಮುಂಡರಗಿಯ ಫೋಟೋ ಸ್ಟುಡಿಯೋದವರು, ಹಳ್ಳಿಗಳ ಜೆರಾಕ್ಸ್ ಅಂಗಡಿಯವರು ಇಲ್ಲಿಗೇ ಬರುತ್ತಾರೆ. ದಿನಕ್ಕೆ ಏಳೆಂಟು ಮಂದಿಯಾದರೂ ಇದೇ ದೂರು ಹೊತ್ತು ಬರುತ್ತಾರೆ.

ಬ್ರೌಸರಿನೊಳಗಿನ ಕುಕಿ ಅಳಿಸಿಹೋದರೆ ಹೀಗಾಗುತ್ತದೆ. ಕುಕಿ ಎಂದರೇನು ಎಂದು ಕೇಳಿದವರಿಗೆ ಅವರು ಎದುರಿನ ಚಹಾದಂಗಡಿಯನ್ನು ತೋರಿಸುತ್ತಾರೆ. "ದಿನಾ ಹೋಗೋ ಗಿರಾಕಿನ್ನ ಮಾಲಕ ನೀವ್ಯಾರು ಅಂತ ಕೇಳ್ತಾನೇನ್ರಿ? ಮಾರಿ ನೋಡಿದ ಕೂಡ್ಲೆ ಸಕ್ರಿ ಕಮ್ಮಿ ಚಾ ಇಡ್ತಾನ. ಆ ಗುರುತು ಐತೆಲ್ರಿ, ಅದ ಕುಕಿ. ಅದನ್ನ ಅಳಿಸಿದ್ರ ಅಂವಾ ಮತ್ತ ಹೊಸದಾಗಿ ಕೇಳ್ತಾನ, ಯಾವೂರ್ರಿ ಅಂತ."

ಈ ಅಂಗಡಿಗೆ ಹಿಂದೊಂದು ವೈಭವವಿತ್ತು. ಗದಗಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿತು ಬಂದ ಯುವಕ ಸಮೀವುಲ್ಲಾ, ಇದೇ ಜಾಗದಲ್ಲಿ ಪ್ಲೈವುಡ್ಡಿನ ಸಣ್ಣ ಸಣ್ಣ ಗೂಡು ಕಟ್ಟಿ ಇಂಟರ್ನೆಟ್ ಕೇಂದ್ರ ತೆರೆದಿದ್ದರು. ಪರೀಕ್ಷೆಯ ಫಲಿತಾಂಶದ ದಿನ ಸಾಲು ನಿಲ್ದಾಣದವರೆಗೆ ಬೆಳೆಯುತ್ತಿತ್ತು. ಪಾಸಾದವರ ಕೈಗೆ ಸಮೀವುಲ್ಲಾರ ತಾಯಿ ಮೋತಿಬಿ ಬೆಲ್ಲ ಇಡುತ್ತಿದ್ದರು. ನಪಾಸಾದವರಿಗೆ ಎರಡು ತುಂಡು. ಮೊದಲ ಸಲ ಇಮೇಲ್ ತೆರೆದ ರೈತನೊಬ್ಬ ಪಾಸ್‌ವರ್ಡಿಗೆ ತನ್ನ ಎಮ್ಮೆಯ ಹೆಸರಿಟ್ಟು, ಅದನ್ನು ಅಕ್ಷರ ಅಕ್ಷರವಾಗಿ ಕೂಗಿ ಹೇಳುತ್ತ ಟೈಪ್ ಮಾಡಿದ್ದನಂತೆ. "ಇಡೀ ಬಸ್‌ಸ್ಟ್ಯಾಂಡಿಗೇ ಗೊತ್ತಾತ್ರಿ ಆ ಪಾಸ್‌ವರ್ಡು. ಕಂಡಕ್ಟರ್ ಸುದ್ದಾ ಎಮ್ಮಿ ಹೆಂಗೈತಿ ಅಂತ ಕೇಳ್ತಿದ್ದ," ಎಂದು ಸಮೀವುಲ್ಲಾ ಈಗಲೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಅಂದಿನಿಂದ ಉಳಿದ ರೂಢಿ ಒಂದಿದೆ. ಗಿರಾಕಿ ಪಾಸ್‌ವರ್ಡ್ ಹಾಕುವಾಗ ಅವರು ಮುಖ ತಿರುಗಿಸಿ ಬಸ್ಸುಗಳನ್ನು ನೋಡುತ್ತ ಕೂರುತ್ತಾರೆ. ಆ ಕಾಲದಲ್ಲಿ ಒಬ್ಬರು ಎದ್ದು ಹೋದ ಕೂಡಲೇ ಅವರ ಗುರುತೆಲ್ಲ ಅಳಿಸಿಹೋಗುವಂತೆ ಯಂತ್ರಗಳನ್ನು ಸಜ್ಜುಗೊಳಿಸಿದ್ದರು. ಒಬ್ಬರ ಗುಟ್ಟು ಇನ್ನೊಬ್ಬರ ಕಣ್ಣಿಗೆ ಬೀಳಬಾರದಲ್ಲ.

"ಆಗ ಮರೆಸೂದು ಧರ್ಮ ಇತ್ರಿ. ಈಗ ನೆನಪ ಇಡಸೂದು ಧರ್ಮ ಆಗೇತಿ," ಎನ್ನುತ್ತಾರೆ.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಗೂಡುಗಳು ಖಾಲಿಯಾದವು. ಯಂತ್ರಗಳು ಒಂದೊಂದಾಗಿ ಬೆಟಗೇರಿಗೆ, ಕಳಸಾಪುರಕ್ಕೆ ಮಾರಾಟವಾದವು. ಕೆಲವು ವರ್ಷ ಅವರು ಸಂತೆಗಳಲ್ಲಿ ಚಾರ್ಜರ್ ಮಾರಿದರು. ಆಮೇಲೆ ಮಾರಿದ ಯಂತ್ರಗಳೇ ಕೆಟ್ಟು, ಹಳೆಯ ಮನೆ ಹುಡುಕಿಕೊಂಡು ಬರುವ ದನದಂತೆ ಇಲ್ಲಿಗೆ ಮರಳತೊಡಗಿದವು. ಈ ಕೆಲಸ ಹಾಗೆ ಶುರುವಾದದ್ದು.

ಚಹಾ ಮುಗಿದಿದೆ. ದುರ್ಗಾ ತನ್ನ ಸಂಕಟ ಬಿಚ್ಚುತ್ತಾಳೆ. ಅವಳ ತಂದೆ ಅಂದಾನಪ್ಪ ಬಾಳೆಹೊಸೂರಿನ ಭಜನಾ ಮೇಳದ ಹಿರಿಯರು. ಕೇಳಿ ಕಲಿತ ಭಜನೆ ಪದಗಳು ಅವರ ಬಾಯಲ್ಲಿ ಮಾತ್ರ ಇದ್ದವು, ಎಲ್ಲೂ ಬರೆದಿಟ್ಟವರಲ್ಲ. ಕಡೆಯ ದಿನಗಳಲ್ಲಿ ಅಳಿಯನ ಜೆರಾಕ್ಸ್ ಅಂಗಡಿಯಲ್ಲಿ ಕೂತು, ಮೈಕಿನ ಮುಂದೆ ಹಾಡಿ, ಎಲ್ಲವನ್ನೂ ತಮ್ಮ ಇಂಟರ್ನೆಟ್ ಖಾತೆಯಲ್ಲಿ ಇರಿಸಿದರು. ಹೋದ ವರ್ಷ ಅವರು ಲಿಂಗೈಕ್ಯರಾದರು. ದುರ್ಗಾ ದಿನಾ ಬೆಳಗ್ಗೆ ಒಂದು ಪದ ಕೇಳಿ, ಕಲಿತು, ಓಣಿಯ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಇನ್ನೂ ಅರ್ಧ ಉಳಿದಿವೆ.

"ಮೊದಲೂ ನಡುನಡುವ ಮರೀತಿತ್ರಿ ಅಣ್ಣಾರ. ಅಪ್ಪನ ಫೋನಿಗೆ ನಂಬರ್ ಬರ್ತಿತ್ತು, ಅದನ್ನ ಹಾಕಿ ಒಳಗ ಹೋಗ್ತಿದ್ದೆ. ಈ ತಿಂಗಳ ಆ ಸಿಮ್ಮೂ ಬಂದ್ ಆತು. ಕಂಪ್ಯೂಟರ್ ಮತ್ತ ಮರತೈತಿ. ಇನ್ನ ನಂಬರ್ ಎಲ್ಲಿಂದ ತರ್ಲಿ? ಅಪ್ಪನ ದನಿ ಒಳಗ, ನಾ ಹೊರಗ."

ಸಮೀವುಲ್ಲಾ ಯಂತ್ರಕ್ಕೆ ಕೈ ಹಚ್ಚುವುದಿಲ್ಲ. ಹಳ್ಳಿಯ ವೈದ್ಯರು ನಾಡಿ ಹಿಡಿಯುವ ಮೊದಲು ಊಟ, ನಿದ್ದೆ ಕೇಳುತ್ತಿದ್ದರಲ್ಲ, ಹಾಗೆ ಅವರೂ ಮೊದಲು ಕೇಳುತ್ತಾರೆ.

"ಯಾವ್ಯಾವಾಗ ಮರೀತೈತಿ, ತಂಗೆವ್ವಾ?"

"ತಿಂಗಳಿಗೊಮ್ಮೆ ಅನ್ರಿ."

"ಹಂಗ ಮರತದ್ದು ನಿನಗ ನೆನಪಿದ್ದ ದಿನ ಒಂದರ ಹೇಳು."

ದುರ್ಗಾ ಯೋಚಿಸುತ್ತಾಳೆ. "ನಿಮ್ಮ ಮಂದಿ ಹಬ್ಬದ ಚಾಂದ ನೋಡಾಕ ಮಾಳಿಗಿ ಹತ್ತಿದ್ರಲ್ರಿ, ಅದರ ಹಿಂದಿನ ದಿನ. ಹಬ್ಬದ ತಯಾರಿ ಗದ್ದಲದಾಗ ನಾ ಅಪ್ಪನ ಫೋನ್ ಹಿಡ್ಕೊಂಡು ಕುಂತಿದ್ದೆ."

ಸಮೀವುಲ್ಲಾ ಬೆರಳೆಣಿಸಿ ಲೆಕ್ಕ ಹಾಕುತ್ತಾರೆ. "ಚಾಂದದ ಹಿಂದಿನ ದಿನ ಅಂದ್ರ ಅಮಾಸಿ." ಅಂಬರೀಶನ ಕಡೆ ತಿರುಗುತ್ತಾರೆ. "ತಮ್ಮಾ, ಅಮಾಸಿಗೆ ಅಂಗಡ್ಯಾಗ ಏನೇನ್ ಮಾಡ್ತಿ?"

ಅಂಬರೀಶ ಹುರುಪಿನಿಂದ ಹೇಳುತ್ತಾನೆ. "ಒಂದೂ ಬಿಡೂದಿಲ್ರಿ. ಅಂಗಡಿ ತೊಳೀತೀನಿ, ಜೆರಾಕ್ಸ್ ಮಷಿನ್ನಿಗೆ ವಿಭೂತಿ ಹಚ್ತೀನಿ, ಲಿಂಬಿಹಣ್ಣು ಕಟ್ತೀನಿ, ಕಾಯಿ ಒಡೀತೀನಿ. ಕಂಪ್ಯೂಟರಿಗೂ ಮ್ಯಾಲ ಅರಿವಿಲೆ ಒರಸ್ತೀನಿ, ಆಮ್ಯಾಲ ಒಳಗ ಸ್ವಚ್ಛ ಮಾಡೂ ಗುಂಡಿ ಐತೆಲ್ರಿ, ಅದನ್ನ ಒತ್ತಿ, ಇದ್ದಬದ್ದದ್ದಕ್ಕೆಲ್ಲಾ ಟಿಕ್ ಹಾಕಿ..."

ಹೇಳುತ್ತ ಹೇಳುತ್ತ ಅವನು ಹೆಂಡತಿಯ ಕಡೆ ನೋಡುತ್ತಾನೆ.

"ಅಳಿಸಿದ್ದು ನೀವ?" ದುರ್ಗಾ ಕೇಳುತ್ತಾಳೆ.

"ಸ್ವಚ್ಛ ಇದ್ದಲ್ಲಿ ದೇವ್ರು ಇರ್ತಾನ ಅಂತ ಮಾಡಿದ್ನಲೇ. ನಿಮ್ಮಪ್ಪನ ದನಿ ಅದರಾಗ ಸಿಕ್ಕೊಂಡೈತಿ ಅಂತ ನನಗೇನ್ ಗೊತ್ತು?" ಅವನ ದನಿ ಇಳಿದುಹೋಗುತ್ತದೆ.

ಅವಳು ಸೀರೆಯ ಸೆರಗು ಬಾಯಿಗೆ ಒತ್ತಿ ಕೂರುತ್ತಾಳೆ.

"ಬೈಬ್ಯಾಡವ್ವಾ. ಭಕ್ತಿ ಒಂದೀಟು ಜಾಸ್ತಿ ಆತು, ಅಷ್ಟ," ಎಂದು ಸಮೀವುಲ್ಲಾ ಏಳುತ್ತಾರೆ. ಅವರ ಕೈ ಗೋಡೆಗೂಡಿನಲ್ಲಿಟ್ಟ ಹಾರ್ಡ್‌ಡಿಸ್ಕಿನತ್ತ ಹೋಗುತ್ತದೆ. ಯಾರ ಯಂತ್ರ ಬಂದರೂ, ಸ್ಕ್ರೂ ಬಿಚ್ಚುವ ಮೊದಲೇ ಅದರ ಬ್ರೌಸರಿನ ನೆನಪನ್ನೆಲ್ಲ ಒಂದು ಪ್ರತಿ ಮಾಡಿ ತೆಗೆದಿಡುವುದು ಅವರ ಪದ್ಧತಿ. ಗಿರಾಕಿ ಹೇಳುವವರೆಗೆ ಅದನ್ನು ತೆರೆಯುವುದಿಲ್ಲ. ಉಗಾದಿಗೆ ಮುಂಚೆ ಇದೇ ಡಬ್ಬಿ ಫ್ಯಾನ್ ಸದ್ದು ಮಾಡುತ್ತದೆಂದು ಇಲ್ಲಿಗೆ ಬಂದಿತ್ತು.

"ಗುರುತು ಅಳಿಸಿದ್ದು ನಿಮ್ಮ ಕಡೆ ಅಷ್ಟ. ಖಾತೆ ಇಟ್ಕೊಂಡ ಆ ಕಡೆಯವರು ಇನ್ನೂ ಮರತಿರಲಿಕ್ಕಿಲ್ಲ," ಎನ್ನುತ್ತಾರೆ. "ಖಾತ್ರಿ ಇಲ್ಲ ನೋಡವ್ವಾ. ಹಳೇ ಗುರುತು ತಿರುಗಿ ಇಟ್ಟು ನೋಡೂಣು. ತಗಿಲ್ಯಾ?"

ದುರ್ಗಾ ತಲೆಯಾಡಿಸುತ್ತಾಳೆ.

ಆ ಹಳೆಯ ಪ್ರತಿ ಮೆಲ್ಲಗೆ ತನ್ನ ಜಾಗಕ್ಕೆ ಮರಳುತ್ತದೆ. ಅಂಬರೀಶ ಕಣ್ಣು ಮುಚ್ಚಿ ಕೈ ಮುಗಿದಿದ್ದಾನೆ. ಸಮೀವುಲ್ಲಾ ಬಿಸ್ಮಿಲ್ಲಾ ಎಂದು ಬ್ರೌಸರ್ ತೆರೆಯುತ್ತಾರೆ. ಪರದೆ ಬಿಳಿಯಾಗಿ ನಿಲ್ಲುತ್ತದೆ. ಚಕ್ರ ತಿರುಗುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ. ಮೇಲೆ ಮೂಲೆಯಲ್ಲಿ ರುಮಾಲು ಸುತ್ತಿದ ಅಂದಾನಪ್ಪನವರ ಪುಟ್ಟ ಚಿತ್ರ, ಕೆಳಗೆ ಹಾಡುಗಳ ಸಾಲು.

"ಯಾರೂ ಏನೂ ಒತ್ತಬ್ಯಾಡ್ರಿ," ಎನ್ನುತ್ತಾರೆ. ಮೊದಲು ಎಲ್ಲ ಹಾಡುಗಳನ್ನೂ ಇಳಿಸಿ, ಎರಡು ಪೆನ್‌ಡ್ರೈವಿಗೆ ಹಾಕುತ್ತಾರೆ. ಒಂದು ಮನೆಗೆ, ಒಂದು ಮಠಕ್ಕೆ. ಆಮೇಲೆ ಅಂಬರೀಶನನ್ನು ಕರೆದು ಆ ಗುಂಡಿಯ ಎದುರು ಕೂರಿಸಿ, ಒಂದೊಂದೇ ಟಿಕ್ ತೆಗೆಸುತ್ತಾರೆ. "ಅಮಾಸಿಗೆ ಹೊರಗ ಎಷ್ಟರ ತೊಳಿ, ತಮ್ಮಾ. ಒಳಗಿಂದು ನನಗ ಬಿಡು."

ಅವರ ಬಗ್ಗೆ ಬರೆಯಲು ಬಂದು ಮೂಲೆಯಲ್ಲಿ ಕೂತಿದ್ದ ನಾನು ಅವರ ಆಸೆ ಏನೆಂದು ಕೇಳುತ್ತೇನೆ. ಅವರು ಸಂಕೋಚದಿಂದ ನಗುತ್ತಾರೆ. "ಮಂದಿ ಇಟ್ಟದ್ದು ಮಂದಿಗೆ ಸಿಗಬೇಕ್ರಿ, ಇಟ್ಟವರು ಹೋದ ಮ್ಯಾಲೂ. ಮತ್ತೇನೈತಿ?"

ಹಾಡು ಸರಿಯಾಗಿ ಇಳಿದಿದೆಯೇ ಎಂದು ನೋಡಲು ಒಂದನ್ನು ಹಚ್ಚುತ್ತಾರೆ. ಏಕತಾರಿಯ ತಂತಿ ಮಿಡಿಯುತ್ತದೆ. ದುರ್ಗಾ ಇದುವರೆಗೂ ಕೇಳದ ಪದ. ಅಂದಾನಪ್ಪನವರ ದನಿ ಮೊದಲ ಸಾಲು ಮುಗಿಸಿ, ಕೆಮ್ಮಿ, ನಡುವೆ ನಿಲ್ಲುತ್ತದೆ.

"ದುರ್ಗವ್ವಾ, ಆ ಬಾಗಲಾ ಮುಚ್ಚವ್ವಾ. ಗಾಳಿ ಹೊಡ್ಯಾಕತ್ತೇತಿ," ಎನ್ನುತ್ತದೆ ಆ ದನಿ.

ದುರ್ಗಾ ಏಳಲು ಹೋಗುತ್ತಾಳೆ, ಮತ್ತೆ ಅಲ್ಲೇ ಕೂರುತ್ತಾಳೆ. ಕಣ್ಣೀರು ಧಾರೆಯಾಗಿ ಇಳಿಯುತ್ತದೆ. ಸಮೀವುಲ್ಲಾ ಎದ್ದು, ಬಸ್ಸುಗಳ ಸದ್ದು ಬರುತ್ತಿದ್ದ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಅಲ್ಲೇ ಒರಗಿ ನಿಲ್ಲುತ್ತಾರೆ.

"ಮುಚ್ಚೀನ್ರಿ ಹಿರ್ಯಾರ," ಎನ್ನುತ್ತಾರೆ ಪರದೆಯತ್ತ. "ಹಾಡ್ರಿ."