ಮಗನಾಗಿದ್ದ ನಾಯಿ

ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಆಕೆಗೆ ನಾಯಿಯಿದ್ದ ಒಂದು ಮನೆಯೆಂದರೆ ಮೈ ಉರಿಯುತ್ತಿತ್ತು. ನಾಯಿ ಕಟ್ಟಿ ಎಂದಾಗಲೆಲ್ಲ ಯಜಮಾನ, "ಅವನು ನನ್ ಮಗ ಕಣಮ್ಮ, ಏನೂ ಮಾಡಲ್ಲ" ಎಂದು ಹಲ್ಲು ಕಿರಿಯುತ್ತಿದ್ದ. ಕೊನೆಗೊಂದು ದಿನ ಆ ಮಗ ಅವಳ ಮೀನಖಂಡಕ್ಕೇ ಬಾಯಿ ಹಾಕಿದ.

ಸಾಕಿದ ನಾಯಿ ಕಚ್ಚಿದರೆ ಸಾಕಿದವನೇ ಹೊಣೆ ಎನ್ನುತ್ತದೆ ಕಾನೂನು. ನಗರಸಭೆಯ ಅಧಿಕಾರಿ ವಿಚಾರಣೆಗೆ ಬಂದದ್ದೇ ತಡ, ಯಜಮಾನ ರಾಗ ಬದಲಿಸಿದ. "ನಂದಲ್ಲ ಸಾರ್, ಬೀದಿ ನಾಯಿ. ಪಾಪ ಅಂತ ಅನ್ನ ಹಾಕ್ತೀನಿ, ಅಷ್ಟೇ."

ಆಕೆ ಬ್ಯಾಂಡೇಜಿನ ಕಾಲಲ್ಲಿ ಅಲ್ಲೇ ನಿಂತಿದ್ದಳು. ಅಷ್ಟರಲ್ಲಿ ನಾಯಿ ಅಧಿಕಾರಿಯತ್ತ ಗುರ್ರೆಂದಿತು. ಯಜಮಾನ ಅಭ್ಯಾಸಬಲದಿಂದ ಗದರಿದ: "ಮಗನೇ, ಒಳಗೆ ನಡಿ!"

ನಾಯಿ ನೆಟ್ಟಗೆ ಒಳಗೆ ಹೋಗಿ ಸೋಫಾ ಹತ್ತಿ ಮಲಗಿತು.

"ಬೀದಿ ನಾಯಿ ಅಂತಾನೇ ಬರ್ಕೊಳ್ಳಿ ಸಾರ್," ಎಂದಳು ಆಕೆ. "ಅಪ್ಪನ ಹೆಸರು ಮಾತ್ರ ಇವರದು ಹಾಕಿ."