ಬಚ್ಚಲ ಮರ

ಗೌರಮ್ಮ, ನಿನ್ನ ಹಿತ್ತಲಿನ ತೆಂಗಿನ ಮರ ಬಿದ್ದದ್ದು ನನ್ನ ಮಾತಿನಿಂದ. ಕೊಡಲಿ ಹಿಡಿದವನು ನಿನ್ನ ಮೈದುನನೇ ಇರಬಹುದು, ಕಡಿಸಿದವಳು ನಾನು. ಇದನ್ನು ನೀನು ಇವತ್ತಿಗೂ ಒಪ್ಪುವುದಿಲ್ಲ — "ನಾನೇ ಕಡಿಸ್ದೆ, ಬುಡಿ ಅಮ್ಮೋರೆ" ಅನ್ನುತ್ತೀಯ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅದನ್ನು ಬಚ್ಚಿಟ್ಟುಕೊಂಡೇ ಇಷ್ಟು ವರ್ಷ ನಿನ್ನ ನಮಸ್ಕಾರ ತೆಗೆದುಕೊಂಡಿದ್ದೇನೆ.

ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯ ಜಗುಲಿಯಲ್ಲಿ ಭಾನುವಾರ ಬೆಳಗ್ಗೆ ತರಕಾರಿ ಅಂಗಡಿ ಹಾಕುತ್ತಿದ್ದೆವಲ್ಲ. ಅರಳಗುಪ್ಪೆ ಕಡೆಯ ರೈತರು ಹೊಲದಿಂದ ನೇರವಾಗಿ ತರುತ್ತಿದ್ದರು. ಅವರಿಗೆ ಪೂರ್ತಿ ಬೆಲೆ, ಕೂಲಿ ಮನೆಯವರಿಗೆ ಅರ್ಧ ಬೆಲೆ. ಉಳಿದರ್ಧವನ್ನು ನಾವು ನಾಲ್ಕಾರು ಮಂಡಿಯವರು ಕೈಯಿಂದ ಹಾಕುತ್ತಿದ್ದೆವು. ಒಳ್ಳೆಯ ಕೆಲಸವೇ. ಅದರಿಂದ ನನಗೆ ಹೆಸರು ಬಂತು, ಆ ಹೆಸರು ರುಚಿಸಿತು ಕೂಡ. ಆದರೂ ಕಾಯಿ ಸುಲಿಯುವ ಹೆಂಗಸರು ದಂಟಿನ ಸೊಪ್ಪನ್ನು ಕೂಸಿನ ಹಾಗೆ ಎದೆಗೆ ಒತ್ತಿಕೊಂಡು ಹೋಗುವುದನ್ನು ನೋಡುತ್ತ ನಾನು ತೂಗುವುದನ್ನೇ ಮರೆತು ನಿಲ್ಲುತ್ತಿದ್ದೆ. ಅದು ಸುಳ್ಳಲ್ಲ.

ಬರಬರುತ್ತ ಜನ ಹೆಚ್ಚಾದರು. ಯಾರಿಗೆ ಕೊಡುವುದು, ಯಾರನ್ನು ಬಿಡುವುದು ಎಂಬ ಮಾತು ಬಂದಾಗ ದಾರಿ ತೋರಿಸಿದವಳು ನಾನೇ. "ಮನೇಲಿ ತೆಂಗಿನ ಮರ ಇರೋರಿಗೆ ಬೇಡ. ಮರ ಇದ್ದೋರು ಬಡವರಲ್ಲ ಕಣ್ರೀ." ಎಲ್ಲರೂ ತಲೆದೂಗಿದರು. ಹೆಣ್ಣು ಕೊಡುವಾಗಲೂ ಮರ ಎಷ್ಟಿದೆ ಎಂದು ಕೇಳುವ ಸೀಮೆ ನಮ್ಮದು, ಬೇರೆ ಅಳತೆ ನಮಗೆ ತಿಳಿಯದು. ಆದರೆ ಬಚ್ಚಲ ನೀರು ಕುಡಿದು ಹಿತ್ತಲಲ್ಲಿ ನಿಂತ ಒಂಟಿ ಮರ ತೋಟವಲ್ಲ — ಇದು ಇಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು.

ಆಗ ನೀನು ಬಂದೆ. ಮಗಳು ಮಂಜುಳ ಬಸುರಿಯಾಗಿ ತವರಿಗೆ ಬಂದಿದ್ದಳು. ಮೈಯಲ್ಲಿ ರಕ್ತ ಇಲ್ಲ, ಸೊಪ್ಪು ತರಕಾರಿ ತಿನ್ನಿಸಿ ಎಂದು ನರ್ಸಮ್ಮ ಗದರಿದ್ದರು. ಗಂಡ ಇಲ್ಲದ ನೀನು ಕಾಯಿ ಸುಲಿದ ಕೂಲಿಯಲ್ಲಿ ಅವಳ ಬಾಣಂತನ ಮಾಡಬೇಕಿತ್ತು. ನಾನೋ, ಅದಕ್ಕೆ ಮುಂಚೆಯೇ ನಿಮ್ಮ ಬೀದಿಯ ಹಿತ್ತಲುಗಳನ್ನೆಲ್ಲ ಇಣುಕಿ ನೋಡಿ ಬಂದಿದ್ದೆ.

"ಒಂದೇ ಮರ ಅಮ್ಮೋರೆ, ಬಚ್ಚಲ ನೀರಿಗೆ ಬೆಳ್ಕೊಂಡೈತೆ. ಸಾರಿಗೊಂದು ಕಾಯಿ ಆಯ್ತದೆ, ಅಷ್ಟೇಯ."

ಈಗ ಕೇಳು. ಅದರ ಹಿಂದಿನ ಸಂಜೆಯೇ ಮಂಡಿಯವರೆಲ್ಲ ಕೂತು, ಹೊರೆ ಹೆಚ್ಚಾಯಿತೆಂದು ತರಕಾರಿ ಅಂಗಡಿ ಮುಚ್ಚಲು ತೀರ್ಮಾನಿಸಿದ್ದರು. "ದೀಪಾವಳಿ ಕಳೀಲಿ, ನಿಲ್ಲಿಸಿಬಿಡೋಣ. ಈಗ್ಲೇ ಹೇಳಿದ್ರೆ ಜನ ಬಾಯಿಗೆ ಬಂದಂಗೆ ಅಂತಾರೆ" ಎಂದಿದ್ದರು ನಮ್ಮ ಭಾವ. ನಾನು ಹೂಂ ಅಂದಿದ್ದೆ. ನಿನ್ನೆದುರು ನಿಂತಾಗ ನನಗೆ ಎಲ್ಲ ಗೊತ್ತಿತ್ತು ಗೌರಮ್ಮ. ಅಂಗಡಿಯೇ ಇರುವುದಿಲ್ಲ ಕಣೇ ಎಂದು ಒಂದು ಮಾತು ಹೇಳಿದ್ದರೆ — ಇಲ್ಲವೇ ಮುಂದಿದ್ದ ಬುಟ್ಟಿಯಿಂದ ಒಂದು ಕಟ್ಟು ಸೊಪ್ಪು ಎತ್ತಿ ಕೊಟ್ಟಿದ್ದರೆ — ಆದರೆ ನಿನ್ನ ಹಿಂದೆ ಸಾಲಿತ್ತು, ಸಾಲಿನ ಕಣ್ಣೆಲ್ಲ ನನ್ನ ಮೇಲಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆ:

"ಮರ ಇಲ್ದಿದ್ರೆ ನೋಡಬಹುದಿತ್ತು, ಗೌರಮ್ಮ."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ನಿನ್ನನ್ನು ಸಾಗಹಾಕಲು ಆರಿಸಿಕೊಂಡು ಆಡಿದ ಮಾತು. ಹೆತ್ತ ಮಗ ಕೈಬಿಟ್ಟರೂ ನೆಟ್ಟ ತೆಂಗು ಕೈಬಿಡದು ಅನ್ನುವ ಊರಲ್ಲಿ ಫಲ ಬಿಡುವ ಮರಕ್ಕೆ ಯಾರು ಕೊಡಲಿ ಹಾಕಿಸುತ್ತಾರೆ? ನೀನು ಕಡಿಸಲಾರೆ ಎಂಬ ಧೈರ್ಯದಿಂದಲೇ ಹಾಗೆ ಅಂದೆ.

ಹಬ್ಬದ ಹಿಂದಿನ ಭಾನುವಾರ ನೀನು ಮತ್ತೆ ಬಂದೆ. ಅಷ್ಟರಲ್ಲಿ ಬುಟ್ಟಿಗಳೆಲ್ಲ ಖಾಲಿಯಾಗಿ ಜಗುಲಿ ಗುಡಿಸಿ ಆಗಿತ್ತು. ಮರ ಕಡಿದರೆ ಅದರ ತಲೆಯೊಳಗಿನ ಬಿಳಿ ಸುಳಿಯನ್ನು ನೆರೆಹೊರೆಗೆಲ್ಲ ಹಂಚುತ್ತೇವಲ್ಲ — ನನ್ನ ಪಾಲನ್ನು ನೀನು ಬಾಳೆ ಎಲೆಯಲ್ಲಿ ಸುತ್ತಿ ಸೆರಗಿನ ಮರೆಯಲ್ಲಿ ತಂದಿದ್ದೆ.

"ಈಗ ಮರ ಇಲ್ಲ ಕಣ್ರಮ್ಮ. ಬೇಕಾದ್ರೆ ಬಂದು ನೋಡ್ಕೊಂಡೋಗಿ."

ನೀನು ನಗುತ್ತಿದ್ದೆ. ನಾನು ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡೆ. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. "ಹಬ್ಬ ಕಳೀಲಿ" ಎಂದೆ. ನೀನು ಹೋದ ಮೇಲೆ ಒಳಗೆ ಕೂತು ಅದನ್ನು ತಿಂದೆ. ಎಸೆಯಲು ಮನಸ್ಸಾಗಲಿಲ್ಲ. ಸಿಹಿಯಾಗಿತ್ತು, ಗೌರಮ್ಮ.

ಹಬ್ಬ ಕಳೆಯಿತು. ಜಗುಲಿಗೆ ಕೊಬ್ಬರಿ ಚೀಲಗಳು ವಾಪಸು ಬಂದವು, ರೈತರು ಹಳೆಯ ದಲ್ಲಾಳಿಗಳ ಹತ್ತಿರವೇ ಹೋದರು. ಮಂಜುಳನ ಮಗು ತೂಕವಿಲ್ಲದೆ ಹುಟ್ಟಿತು. ಈಗ ಶಾಲೆಗೆ ಹೋಗುತ್ತದೆ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುತ್ತದೆ. ಸೊಪ್ಪು ಸಿಕ್ಕಿದ್ದರೆ ಗಟ್ಟಿಯಾಗಿರುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ನೆಪ ಮಾಡಿಕೊಳ್ಳುವುದಿಲ್ಲ.

ಕೊಬ್ಬರಿಗೆ ಹೆಸರಾದ ಊರಲ್ಲಿ ನೀನು ಸಂತೆಯಲ್ಲಿ ಒಂದು ಹೋಳು ಕಾಯಿಗೆ ಚೌಕಾಸಿ ಮಾಡುವುದನ್ನು ನೋಡಿ ಕಂಬದ ಮರೆಗೆ ಸರಿದಿದ್ದೇನೆ. ಒಂದು ಸಸಿ ತಂದು ನೆಡಿಸೋಣ ಎಂದೂ ಒಮ್ಮೆ ಹೊರಟಿದ್ದೆ. ಬಂದು ನೋಡಿದರೆ ನಿನ್ನ ಬಚ್ಚಲ ನೀರು ಕಾಂಕ್ರೀಟು ಚರಂಡಿಗೆ ಹೋಗುತ್ತಿತ್ತು. ಜಾಗವಿದ್ದರೂ ಸಸಿ ಫಲಕ್ಕೆ ಬರುವ ಹೊತ್ತಿಗೆ ನಾವಿಬ್ಬರೂ ಎಲ್ಲಿರುತ್ತೇವೋ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದೆ. ಸಿಕ್ಕಾಗಲೆಲ್ಲ ಕೇಳುವುದನ್ನೇ ಕೇಳಿದೆ: "ತರ್ಕಾರಿ ಅಂಗ್ಡಿ ಯಾವಾಗ ತೆಗೀತೀರ ಅಮ್ಮೋರೆ? ನನ್ನ ಮರೀಬ್ಯಾಡಿ. ಮಗೀಗೆ ಬೇಕು. ಈಗ ಮರ ಇಲ್ಲ ನಂಗೆ." ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ — "ನೋಡೋಣ."

ನಾಳೆ ನಿನ್ನ ಬಾಗಿಲಿಗೆ ಬರುತ್ತೇನೆ. ಅಂಗಡಿ ತೆಗೆಯುವುದಿಲ್ಲ, ನೀನು ಮರ ಕಡಿಸುವ ಮೊದಲೇ ಅದು ಮುಗಿದಿತ್ತು ಎಂದು ಹೇಳುತ್ತೇನೆ. ನೀನು ಬೈಯಬೇಕು, ಬಾಗಿಲು ಹಾಕಿಕೊಳ್ಳಬೇಕು. "ಬುಡಿ ಅಮ್ಮೋರೆ" ಎಂದು ಮಾತ್ರ ಅನ್ನಬೇಡ.