ಅಕ್ಕನ ಶೆಡ್ಡಿಗೆ ನಾನು ಕೊಟ್ಟ ಔಷಧಿ

ಕಡೂರಿನ ಬಸ್ ಸ್ಟ್ಯಾಂಡಿನ ಹತ್ತಿರ ದನ, ಕುರಿ, ಕೋಳಿಗಳ ಔಷಧಿ ಮಾರುವ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ನಾನು ಪಶುವೈದ್ಯನಲ್ಲ. ಆದರೂ ಬಂದವರು ‘ಡಾಕ್ಟ್ರೇ’ ಎಂದೇ ಕರೆಯುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ. ಕೋಳಿ ತೂಕಡಿಸುತ್ತಿದೆ ಎಂದರೆ ಒಂದು ಪುಡಿ, ಭೇದಿ ಎಂದರೆ ಇನ್ನೊಂದು, ಎರಡೂ ಇದೆ ಎಂದರೆ ಎರಡೂ. ವೈದ್ಯರ ಚೀಟಿ ಕೇಳಿದವನಲ್ಲ. ಕೇಳಿದರೆ ಮುಂದಿನ ಅಂಗಡಿಗೆ ಹೋಗುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ನನ್ನ ಅಕ್ಕನನ್ನು ಅಜ್ಜಂಪುರದ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟಿದ್ದೆವು. ಭಾವ ತೆಂಗಿನ ತೋಟ ನೋಡಿಕೊಳ್ಳುತ್ತಾರೆ, ಮಾತು ಕಡಿಮೆ. ಮಗಳ ಮದುವೆಯಾದ ಮೇಲೆ ಅಕ್ಕನಿಗೆ ಹೊತ್ತು ಹೋಗುವುದು ಕಷ್ಟವಾಯಿತು. ತೋಟದ ಅಂಚಿನಲ್ಲಿ ಶೆಡ್ ಹಾಕಿ ಫಾರಂ ಕೋಳಿ ಸಾಕು ಎಂದು ಹುರಿದುಂಬಿಸಿದವನು ನಾನೇ. ಮರಿ ಎಲ್ಲಿಂದ ತರಬೇಕು, ನೆಲಕ್ಕೆ ಭತ್ತದ ಹೊಟ್ಟು ಎಷ್ಟು ಹರಡಬೇಕು ಎಂದೆಲ್ಲ ಹೇಳಿಕೊಟ್ಟೆ. ಕೋಳಿಯ ವಿಷಯದಲ್ಲಿ ಅವಳಿಗೆ ನನಗಿಂತ ಹೆಚ್ಚು ಗೊತ್ತಿತ್ತು ಎಂಬುದು ತಿಂಗಳೊಪ್ಪತ್ತಿನಲ್ಲೇ ತಿಳಿಯಿತು. ಬೆಳಿಗ್ಗೆ ಎದ್ದವಳೇ ಶೆಡ್ಡಿನ ಜಾಲರಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಅಷ್ಟು ಕೋಳಿಗಳ ಗದ್ದಲದೊಳಗೆ ಯಾವುದೋ ಒಂದರ ಉಸಿರು ಗೊರಗುಟ್ಟಿದರೂ ಅವಳಿಗೆ ಗೊತ್ತಾಗುತ್ತಿತ್ತು. ಒಳಗೆ ಹೋಗಿ ಅದನ್ನೇ ಹುಡುಕಿ ಎತ್ತಿ ತಂದು ಬೇರೆ ಇಡುತ್ತಿದ್ದಳು.

ಮೊದಲ ಸಲ ಮರಿ ಬಂದ ದಿನವೇ ನಾನು ಅಂಗಡಿಯಿಂದ ಪುಡಿಯ ಪೊಟ್ಟಣಗಳನ್ನು ಒಯ್ದಿದ್ದೆ. ಏಣಿ ಹತ್ತಿ, ಶೆಡ್ಡಿಗೆ ನೀರು ಹೋಗುವ ಟ್ಯಾಂಕಿಗೆ ಸುರಿದು ಕೋಲಿನಿಂದ ಕದಡಿದೆ. ಅಕ್ಕ ಕೆಳಗೆ ನಿಂತು ನೋಡುತ್ತಿದ್ದಳು.

“ಮರಿ ಚೆನ್ನಾಗೇ ಅವಲ್ಲೋ. ಕಾಯ್ಲೆ ಬರ್ದೆ ಔಷ್ದಿ ಯಾಕೆ?” ಎಂದು ಕೇಳಿದಳು.

“ಬರ್ದಿರ್ಲಿ ಅಂತಾನೇ ಕಣಕ್ಕ. ಎಲ್ರೂ ಹಾಕ್ತಾರೆ,” ಎಂದೆ.

ಅವಳು ಮತ್ತೆ ಕೇಳಲಿಲ್ಲ. ಔಷಧಿ ಅಂಗಡಿ ಇಟ್ಟಿರುವ ತಮ್ಮ ಹೇಳಿದ್ದಾನೆ, ಅಷ್ಟು ಸಾಕಾಗಿತ್ತು. ಅಲ್ಲಿಂದ ಮುಂದೆ ಪ್ರತಿ ಸಲ ಮರಿ ಬಂದಾಗಲೂ ಅವಳೇ ಏಣಿ ಹತ್ತಿ ಪುಡಿ ಕದಡಿದಳು. ಕೋಳಿ ಸಾಯುವುದು ಕಡಿಮೆಯಿತ್ತು, ತೂಕವೂ ಚೆನ್ನಾಗಿ ಬರುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಆ ಪುಡಿಗೆ ಕೋಳಿಗಳ ಭೇದಿ ಜಗ್ಗದಾಯಿತು. ನಾನು ಅದಕ್ಕಿಂತ ಜೋರಿನದನ್ನು ಕೊಟ್ಟೆ. ಮೊದಲಿನದು ಯಾಕೆ ನಾಟುತ್ತಿಲ್ಲ ಎಂದು ಯೋಚಿಸಲಿಲ್ಲ.

ಹೇಳುವವರು ಇರಲಿಲ್ಲ ಎಂದಲ್ಲ. ನಿವೃತ್ತರಾದ ಪಶುವೈದ್ಯರೊಬ್ಬರು ಆಗಾಗ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಆರೋಗ್ಯವಾಗಿರುವ ಕೋಳಿಗೆ ಈ ಪುಡಿಗಳಲ್ಲಿರುವ ಆ್ಯಂಟಿಬಯಾಟಿಕ್ ಕುಡಿಸಿದರೆ ಬಡಪಾಯಿ ಕ್ರಿಮಿಗಳು ಸಾಯುತ್ತವೆ, ಗಟ್ಟಿಯಾದವು ಉಳಿದು ಬೆಳೆಯುತ್ತವೆ, ಅವು ಶೆಡ್ಡಿನೊಳಗೇ ಇರುವುದಿಲ್ಲ, ಗೊಬ್ಬರದಲ್ಲಿ, ನೀರಿನಲ್ಲಿ, ಸಾಕುವವರ ಕೈಯಲ್ಲಿ ಆಚೆಗೆ ಬರುತ್ತವೆ ಎಂದು ಅವರು ಹೇಳಿದ್ದನ್ನು ನಾನು ಟೀ ತರಿಸಿಕೊಟ್ಟು ಕೇಳಿದೆ. ಅವರು ಎದ್ದು ಹೋದ ಮೇಲೆ ಬಂದ ಗಿರಾಕಿಗೆ ಅದೇ ಪುಡಿ ಕೊಟ್ಟೆ.

ನಾಲ್ಕನೆಯ ವರ್ಷ ಅಕ್ಕನಿಗೆ ಜ್ವರ ಬಂತು. ಮೈ ನಡುಗುತ್ತಿತ್ತು, ಸೊಂಟದ ಒಂದು ಕಡೆ ವಿಪರೀತ ನೋವು. ಮೇವಿನ ಮೂಟೆ ಎತ್ತಿದ್ದಕ್ಕೆ ಎಂದು ಅವಳು ನಾಲ್ಕು ದಿನ ತಳ್ಳಿದಳು. ತರೀಕೆರೆಯಲ್ಲಿ ತೋರಿಸಿದಾಗ ಮೂತ್ರದ ಸೋಂಕು, ಕಿಡ್ನಿಗೆ ಏರಿದೆ ಎಂದರು. ಮಾತ್ರೆಯಿಂದ ಎರಡು ದಿನ ಇಳಿದ ಜ್ವರ ಮತ್ತೆ ಏರಿತು. ಇಂಜೆಕ್ಷನ್ ಆಯಿತು, ಅದನ್ನು ಬದಲಾಯಿಸಿ ಇನ್ನೊಂದಾಯಿತು. ಕೊನೆಗೆ ತಡಮಾಡಬೇಡಿ ಎಂದು ಅವರೇ ಶಿವಮೊಗ್ಗಕ್ಕೆ ಬರೆದುಕೊಟ್ಟರು.

ಅಲ್ಲಿ ಮೂತ್ರವನ್ನು ಪರೀಕ್ಷೆಗೆ ಕಳಿಸಿ ಮೂರನೆಯ ದಿನ ಒಂದು ಹಾಳೆ ಕೊಟ್ಟರು. ಎಡಗಡೆ ಔಷಧಿಗಳ ಹೆಸರು, ಬಲಗಡೆ ಒಂದೊಂದರ ಎದುರಿಗೂ ಒಂದು ಇಂಗ್ಲಿಷ್ ಅಕ್ಷರ. ‘ಆರ್’ ಎಂದರೆ ಆ ಔಷಧಿಗೆ ಈ ಕ್ರಿಮಿ ಬಗ್ಗುವುದಿಲ್ಲ ಎಂದು ಅರ್ಥ. ಮೇಲಿನಿಂದ ಕೆಳಗಿನವರೆಗೆ ಎರಡನ್ನು ಬಿಟ್ಟು ಎಲ್ಲವೂ ಆರ್. ಆ ಹೆಸರುಗಳನ್ನು ಓದಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ಕೆಲವು ನನ್ನ ಅಂಗಡಿಯ ಕಪಾಟಿನಲ್ಲಿದ್ದವೇ, ಕೆಲವು ಅವುಗಳ ದಾಯಾದಿಗಳು.

ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವರು ಮನೆಯಲ್ಲಿ ಏನು ಕೆಲಸ ಮಾಡುತ್ತಾರೆ ಎಂದು ನನ್ನನ್ನು ಕೇಳಿದರು.

“ಮನೆ ಕೆಲ್ಸ, ತೋಟ. ಅಷ್ಟೇ ಮೇಡಂ,” ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಆದರೆ ಬಾಯಿಂದ ಬಂದ ಮೇಲೆ ತಿದ್ದಲೂ ಇಲ್ಲ. ಕಣ್ಣು ಮುಚ್ಚಿ ಮಲಗಿದ್ದ ಅಕ್ಕ ತಲೆ ಹೊರಳಿಸಿದಳು.

“ಕೋಳಿ ಸಾಕೀನಿ ಕಣವ್ವ. ಅವ್ನು ಮರ್ತಿರ್ಬೇಕು.”

ಆ ಜ್ವರದಲ್ಲೂ ಅವಳು ನನ್ನ ಮಾನ ಕಾದಳು. ಕೋಳಿಗೆ ಔಷಧಿ ಹಾಕುತ್ತೀರಾ ಎಂದು ಡಾಕ್ಟರು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ಏನು, ಎಷ್ಟು, ಎಷ್ಟು ವರ್ಷದಿಂದ ಎಂದು ಈ ಸಲ ನಾನೇ ಹೇಳಿದೆ. ಡಾಕ್ಟರು ಬರೆದುಕೊಂಡರು, ಬೈಯಲಿಲ್ಲ. ಈ ಕ್ರಿಮಿ ಶೆಡ್ಡಿನಿಂದಲೇ ಬಂತು ಎಂದು ಹೇಳಲಾಗುವುದಿಲ್ಲ, ಬರಲು ಬೇರೆ ದಾರಿಗಳೂ ಇವೆ, ಜನ ತಾವೇ ಮಾತ್ರೆ ನುಂಗುವುದೂ ಒಂದು ಎಂದರು. ನನ್ನ ತಪ್ಪಲ್ಲದೆಯೂ ಇರಬಹುದು ಎಂಬ ಆ ಮಾತನ್ನು ಎಷ್ಟೋ ದಿನ ಹಿಡಿದುಕೊಂಡು ನೋಡಿದ್ದೇನೆ. ಅದರಿಂದ ಒಂದು ದಿನವೂ ನೆಮ್ಮದಿ ಸಿಕ್ಕಿಲ್ಲ.

ಉಳಿದಿದ್ದ ಎರಡು ಔಷಧಿಗಳಲ್ಲಿ ಒಂದು ಅವಳ ಕಿಡ್ನಿ ತಡೆಯುವಂಥದ್ದಲ್ಲ. ಇನ್ನೊಂದರಿಂದ ಕಿವಿಗೆ ಪೆಟ್ಟಾಗಬಹುದು ಎಂದು ಮೊದಲೇ ತಿಳಿಸಿದರು. ಭಾವ ಒಪ್ಪಿಗೆಯ ಕಾಗದ ಹಿಡಿದುಕೊಂಡು ನನ್ನ ಕಡೆ ತಿರುಗಿ, ಹಾಕಿಸೋಣವಾ ಎಂದರು. ನಾನು ತಲೆಯಾಡಿಸಿದೆ. ಅವರು ಸಹಿ ಹಾಕಿದರು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಎರಡನೆಯ ವಾರ ಅಕ್ಕ, ಕಿವಿಯೊಳಗೆ ಜೀರುಂಡೆ ಕೂಗಿದ ಹಾಗಾಗುತ್ತದೆ ಎಂದಳು. ಮನೆಗೆ ಕರೆದುಕೊಂಡು ಬರುವ ಹೊತ್ತಿಗೆ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ.

ಬಂದ ಮರುದಿನ ಬೆಳಿಗ್ಗೆ ಅವಳು ಶೆಡ್ಡಿನ ಹತ್ತಿರ ಹೋದಳು. ಭಾವ ನೋಡಿಕೊಂಡಿದ್ದ ಕೋಳಿಗಳು ಇನ್ನೂ ಇದ್ದವು. ಜಾಲರಿ ಹಿಡಿದು ನಿಂತಳು, ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸಿದಳು. ಬಂದು ಜಗಲಿಯ ಮೇಲೆ ಕೂತು, ಇವು ಹೋದ ಮೇಲೆ ಬೇರೆ ಮರಿ ತರುವುದು ಬೇಡ ಎಂದಷ್ಟೇ ಭಾವನಿಗೆ ಹೇಳಿದಳು.

ಅವಳಲ್ಲಿ ತಪ್ಪೊಪ್ಪಿಕೊಳ್ಳಬೇಕಿತ್ತು. ಆದರೆ ಅಂಥ ಮಾತನ್ನು ಮೆಲ್ಲಗೆ ಹೇಳುವ ಕಾಲ ಮುಗಿದುಹೋಗಿತ್ತು. ಒಂದೆರಡು ಸಲ ಮೆಲ್ಲಗೆ ಶುರುಮಾಡಿದೆ. “ಏನಂದೆ?” ಎಂದಳು. ಏನಿಲ್ಲ ಎಂದು ಕೈಯಾಡಿಸಿ ಬಸ್ಸು ಹತ್ತಿದೆ. ಹೀಗೇ ಆರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಎದುರಿಗೆ ಕೂತು ಕೂಗಿ ಹೇಳಿಬಿಟ್ಟೆ.

“ನಾನು ತಪ್ಪು ಮಾಡ್ದೆ ಅಕ್ಕ. ಆ ಪುಡಿ ಹಾಕಿಸ್ಬಾರ್ದಿತ್ತು.”

ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದ ಪಕ್ಕದ ಮನೆಯಾಕೆ ತಿರುಗಿ ನೋಡಿದಳು. ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದವಳು ಕಾಳನ್ನು ಮೊರಕ್ಕೆ ಹಾಕಿದಳು.

“ನಂಗ್ ಹೇಳಿ ಏನೋ ಆಗ್ಬೇಕು? ನಿನ್ ಅಂಗ್ಡಿಗ್ ಬರೋರ್ಗೆ ಹೇಳು.”

ಈಗ ಹೇಳುತ್ತೇನೆ. ಚೀಟಿ ಇಲ್ಲದೆ ಆ ಪುಡಿಗಳನ್ನು ಕೊಡುವುದಿಲ್ಲ. ಕೆಲವರು ಕೇಳಿಸಿಕೊಳ್ಳುತ್ತಾರೆ, ಹೆಚ್ಚಿನವರು ಮುಂದಿನ ಅಂಗಡಿಗೆ ಹೋಗುತ್ತಾರೆ. ಬೀರೂರು ಕಡೆಯ ಹಳೆಯ ಗಿರಾಕಿಯೊಬ್ಬ ಪೂರ್ತಿ ಕೇಳಿ, “ಇದ್ನ ಕಲ್ಸಿದ್ದು ನೀವೇ ಅಲ್ವೇನ್ರೀ?” ಎಂದ. ಹೌದು ಎಂದೆ. ಮುಂದಿನ ವಾರ ಆ ನಿವೃತ್ತ ಪಶುವೈದ್ಯರನ್ನು ಕರೆದುಕೊಂಡು ಅವನ ಶೆಡ್ಡಿಗೆ ಹೋದೆ. ನಮ್ಮನ್ನು ಒಳಗೆ ಬಿಟ್ಟ, ಸತ್ತಿದ್ದ ಎರಡು ಕೋಳಿಗಳನ್ನು ಪರೀಕ್ಷೆಗೂ ಕೊಟ್ಟ. ಪುಡಿ ನಿಲ್ಲಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಹಾಗೆ ಹೇಳದವರು ಈ ಸುತ್ತಿನಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಮೊದಲ ಪೊಟ್ಟಣ ಕೊಟ್ಟವನು ನಾನು.